ಪಿಟಿಎಸ್‌ಡಿ ಇರುವವರ ಮನೆಯಲ್ಲಿ ಉಳಿದವರು ಎಷ್ಟು ‘ಅಡ್ಜಸ್ಟ್’ ಮಾಡಿಕೊಳ್ಳಬೇಕು? ಅದನ್ನೂ ಅಳೆಯುತ್ತಾರೆ

ಮನೆಯಲ್ಲಿ ಒಬ್ಬರಿಗೆ ದೊಡ್ಡ ಅಪಘಾತವೋ, ಹಲ್ಲೆಯೋ, ಬೆಂಕಿ ಅನಾಹುತವೋ ಆದರೆ ಉಳಿದವರ ಫೋನಿಗೆ ಎರಡು ಬಗೆಯ ಫಾರ್ವರ್ಡ್‌ಗಳು ಬರುತ್ತವೆ. ಒಂದು ಬಗೆಯದು, ಆ ವಿಷಯವನ್ನು ಅವರ ಮುಂದೆ ಎತ್ತಲೇಬೇಡಿ, ನೆನಪು ತರುವ ಎಲ್ಲವನ್ನೂ ದೂರ ಇಡಿ ಎನ್ನುತ್ತದೆ. ಇನ್ನೊಂದು ಬಗೆಯದು ಇದಕ್ಕೆ ತದ್ವಿರುದ್ಧ: ಮನಸ್ಸಿನಲ್ಲಿ ಇಟ್ಟುಕೊಂಡರೆ ಕಾಯಿಲೆಯಾಗುತ್ತದೆ, ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಬಾಯಿಬಿಡಿಸಿ ಎನ್ನುತ್ತದೆ. ಎರಡಕ್ಕೂ ಕೈಮುಗಿಯುವ ಇಮೋಜಿ ಇರುತ್ತದೆ, ಎರಡನ್ನೂ ಕಳಿಸುವವರು ಪ್ರೀತಿಯಿಂದಲೇ ಕಳಿಸುತ್ತಾರೆ.

ಎರಡನೆಯದನ್ನು ಬೇಗ ಮುಗಿಸಿಬಿಡೋಣ. ದುರಂತ ನಡೆದ ಕೂಡಲೇ ಒಂದೇ ಸಲ ಕೂರಿಸಿ, ನಡೆದದ್ದನ್ನೆಲ್ಲ ವಿವರವಾಗಿ ಹೇಳಿಸುವ ಪದ್ಧತಿ ವೃತ್ತಿಪರರಲ್ಲೂ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಪರೀಕ್ಷಿಸಿ ನೋಡಿದಾಗ ಅದು ಪಿಟಿಎಸ್‌ಡಿಯನ್ನು ತಡೆಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಶಿಫಾರಸು ಮಾಡುವುದಿಲ್ಲ. ಹೇಳಿಕೊಳ್ಳಬೇಕು ಅನ್ನಿಸಿದವರ ಮಾತನ್ನು ಕೇಳಬೇಕು. ಒತ್ತಾಯ ಮಾಡಿ ಹೇಳಿಸಬಾರದು.

ಕಷ್ಟ ಇರುವುದು ಮೊದಲನೆಯ ಫಾರ್ವರ್ಡ್‌ನಲ್ಲಿ. ಅದು ಅರ್ಧ ನಿಜ. ಮೊದಲ ಕೆಲವು ದಿನ ಆ ಸಲಹೆಯಿಂದ ಮನೆಗೆ ಉಪಕಾರವೇ ಆಗುತ್ತದೆ. ಆದರೆ ಅದೇ ಸಲಹೆ ಎಂಟು ತಿಂಗಳು, ಎರಡು ವರ್ಷ ನಡೆದರೆ ಕಾಯಿಲೆಯನ್ನು ಮನೆಯವರೇ ಅರಿವಿಲ್ಲದೆ ಕಾಪಾಡಿಕೊಂಡು ಬಂದಂತಾಗಬಹುದು. ಹೀಗೆ ಮನೆಯವರು ಎಷ್ಟರಮಟ್ಟಿಗೆ ಕಾಯಿಲೆಗೆ ತಕ್ಕಂತೆ ತಮ್ಮ ಬದುಕನ್ನು ಬದಲಿಸಿಕೊಂಡಿದ್ದಾರೆ ಎಂಬುದನ್ನು ಅಂಕಿಗಳಲ್ಲಿ ಅಳೆಯಲು ಸಂಶೋಧಕರು ಒಂದು ಪ್ರಶ್ನಾವಳಿಯನ್ನೇ ಮಾಡಿದ್ದಾರೆ. ಈ ಲೇಖನ ಅದರ ಬಗ್ಗೆ.

ಪಿಟಿಎಸ್‌ಡಿ ಎಂದರೆ ಬರೀ ‘ಶಾಕ್’ ಅಲ್ಲ

ಪಿಟಿಎಸ್‌ಡಿ ಎಂದರೆ ಆಘಾತದ ನಂತರ ಉಳಿದುಬಿಡುವ ಒತ್ತಡದ ಕಾಯಿಲೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಈ ಹೆಸರು ಸಿಕ್ಕಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಎಲ್ಲರ ಕಣ್ಣಿಗೂ ಬಿದ್ದ ಮೇಲೆ. ಹಾಗಂತ ಇದು ಸೈನಿಕರ ಕಾಯಿಲೆ ಮಾತ್ರ ಅಲ್ಲ. ರಸ್ತೆ ಅಪಘಾತ, ಲೈಂಗಿಕ ದೌರ್ಜನ್ಯ, ಪ್ರವಾಹ, ಕಣ್ಣೆದುರಿನ ಸಾವು, ಯಾವುದರಿಂದಲೂ ಬರಬಹುದು.

ಲಕ್ಷಣಗಳು ನಾಲ್ಕು ಗುಂಪಿನವು. ನಡೆದದ್ದು ಬೇಡವೆಂದರೂ ಕಣ್ಣಮುಂದೆ ಬರುವುದು, ಕೆಟ್ಟ ಕನಸು. ನೆನಪಿಸುವ ಜಾಗ, ಜನ, ಮಾತುಗಳಿಂದ ದೂರ ಓಡುವುದು. ‘ನನ್ನಿಂದಲೇ ಆಯಿತು’, ‘ಯಾರನ್ನೂ ನಂಬುವ ಹಾಗಿಲ್ಲ’ ಎಂಬಂಥ ಯೋಚನೆ, ಮನಸ್ಸು ಮರಗಟ್ಟುವುದು. ಸಣ್ಣ ಸದ್ದಿಗೂ ಬೆಚ್ಚುವುದು, ಸಿಡುಕು, ನಿದ್ದೆಗೇಡು. ಇವು ಒಂದು ತಿಂಗಳಿಗಿಂತ ಹೆಚ್ಚು ಕಾಲ ಇದ್ದು, ದಿನದ ಬದುಕಿಗೆ ಅಡ್ಡಿಯಾದರೆ ಮಾತ್ರ ಪಿಟಿಎಸ್‌ಡಿ ಎನ್ನುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 70% ಜನ ಜೀವನದಲ್ಲಿ ಒಮ್ಮೆಯಾದರೂ ಇಂಥ ಆಘಾತ ಎದುರಿಸುತ್ತಾರೆ. ಅವರಲ್ಲಿ ಪಿಟಿಎಸ್‌ಡಿ ಆಗುವುದು 5.6% ಜನರಿಗೆ. ಅಂದರೆ ಬಹುಪಾಲು ಜನ ಯಾವ ಚಿಕಿತ್ಸೆಯೂ ಇಲ್ಲದೆ ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ಅಪಘಾತವಾದ ವಾರಕ್ಕೇ ಯಾರಿಗೋ ಪಿಟಿಎಸ್‌ಡಿ ಹಣೆಪಟ್ಟಿ ಹಚ್ಚುವ ಫಾರ್ವರ್ಡ್ ಬಂದರೆ ಅದನ್ನೂ ಮುಂದಕ್ಕೆ ಕಳಿಸಬೇಡಿ.

ಒಂದು ಮನೆ ಎಂದಿಟ್ಟುಕೊಳ್ಳಿ

ಇದು ಯಾರ ನಿಜ ಕಥೆಯೂ ಅಲ್ಲ, ವಿಷಯ ಅರ್ಥವಾಗಲೆಂದು ಮಾಡಿಕೊಂಡ ಉದಾಹರಣೆ. ಹೈವೇಯಲ್ಲಿ ಲಾರಿ ಗುದ್ದಿ ಬೈಕಿನಲ್ಲಿದ್ದ ಇಬ್ಬರು ಬಿದ್ದರು. ಹಿಂದೆ ಕೂತಿದ್ದ ಗೆಳೆಯ ತೀರಿಕೊಂಡ. ಬೈಕ್ ಓಡಿಸುತ್ತಿದ್ದವನಿಗೆ ಕಾಲು ಮುರಿಯಿತು. ಎಂಟು ತಿಂಗಳಾದ ಮೇಲೆ ಕಾಲು ಸರಿಹೋಗಿದೆ. ಮನೆ ಮಾತ್ರ ಮೊದಲಿನಂತಿಲ್ಲ.

ಮಕ್ಕಳನ್ನು ಶಾಲೆಗೆ ಬಿಡುವುದು, ರೇಷನ್, ಬ್ಯಾಂಕು ಎಲ್ಲ ಈಗ ಹೆಂಡತಿಯ ಪಾಲಿಗೆ ಬಂದಿವೆ. ಊರಿಗೆ ಹೋಗಬೇಕಾದರೆ ಹೈವೇ ಬಿಟ್ಟು ಹಳ್ಳಿಗಳ ಮೇಲಿನ ಸುತ್ತುದಾರಿ ಹಿಡಿಯುತ್ತಾರೆ, ಒಂದು ಗಂಟೆ ಹೆಚ್ಚು. ಮಗ ಟಿವಿ ನೋಡುವಾಗ ಸುದ್ದಿ ಬಂತೆಂದರೆ ಅಜ್ಜಿ ಚಾನೆಲ್ ಬದಲಿಸುತ್ತಾರೆ. ಮದುವೆಗೆ ಕರೆದವರಿಗೆಲ್ಲ ತಮ್ಮ ‘ಅಣ್ಣಂಗೆ ಹುಷಾರಿಲ್ಲ’ ಎಂದು ಹೇಳಿ ಸಾಗಹಾಕುತ್ತಾನೆ. ರಾತ್ರಿ ಅವನು ಬೆಚ್ಚಿ ಎದ್ದಾಗ ಇವಳೂ ಏಳುತ್ತಾಳೆ, ಬೆಳಗ್ಗೆ ಆರಕ್ಕೆ ಮತ್ತೆ ಅಡುಗೆಮನೆ. ತನ್ನ ಬೆನ್ನುನೋವು, ಫೀಸಿನ ಚಿಂತೆ ಯಾವುದನ್ನೂ ಅವನ ಹತ್ತಿರ ಹೇಳುವುದಿಲ್ಲ, ‘ಅವರ ತಲೆಗೆ ಇದೆಲ್ಲ ಯಾಕೆ’. ತೀರಿಕೊಂಡ ಗೆಳೆಯನ ಹೆಂಡತಿ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ. ಗೆಳೆಯನ ಹೆಸರೇ ಆ ಮನೆಯಲ್ಲಿ ಕೇಳಿಸದೆ ತಿಂಗಳುಗಳಾಗಿವೆ.

ಇದರಲ್ಲಿ ಒಂದೊಂದನ್ನೂ ಬಿಡಿಯಾಗಿ ನೋಡಿದರೆ ತಪ್ಪೇನಿಲ್ಲ. ಎಲ್ಲವೂ ಅಕ್ಕರೆಯಿಂದ ಹುಟ್ಟಿದ್ದೇ. ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ, ಮನೆಯ ಸಮಯ, ದಾರಿ, ಮಾತು, ಮೌನ ಎಲ್ಲವನ್ನೂ ಆ ಅಪಘಾತವೇ ನಡೆಸುತ್ತಿದೆ ಎಂಬುದು ಗೊತ್ತಾಗುತ್ತದೆ. ಸಂಶೋಧಕರು ಇದನ್ನು ‘ಅಕಾಮಡೇಷನ್’ ಎನ್ನುತ್ತಾರೆ. ಇಲ್ಲಿ ಅದನ್ನು ಹೊಂದಾಣಿಕೆ ಎಂದು ಕರೆಯೋಣ.

ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿದ್ದಾಗ ಹೆಂಡತಿ ರೇಷನ್ ತಂದದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಅದು ನೆರವು. ಕಾಲು ಗುಣವಾದ ಮೇಲೂ, ಅಂಗಡಿಗೆ ಹೋಗಲು ರಸ್ತೆ ದಾಟಬೇಕು, ಅದು ಅವನಿಗೆ ಭಯ ಎಂಬ ಕಾರಣಕ್ಕೆ ಅವಳೇ ತರುತ್ತಿದ್ದರೆ ಅದು ಹೊಂದಾಣಿಕೆ. ಕೆಲಸ ಒಂದೇ, ಕಾರಣ ಬೇರೆ. ಎರಡಕ್ಕೂ ನಡುವೆ ಗೆರೆ ಎಳೆಯುವುದು ಎಲ್ಲ ಸಲವೂ ಸುಲಭವಲ್ಲ ಎಂಬುದೂ ನಿಜ.

ತಪ್ಪಿಸಿಕೊಂಡಷ್ಟೂ ಭಯ ಯಾಕೆ ಬೆಳೆಯುತ್ತದೆ?

1940ರ ದಶಕದಲ್ಲಿ ಹೋಬಾರ್ಟ್ ಮೌರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಕೊಟ್ಟ ವಿವರಣೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಭಯ ಎರಡು ಹಂತದಲ್ಲಿ ಬೇರೂರುತ್ತದೆ. ಮೊದಲು, ಅಪಾಯವಿಲ್ಲದ ವಸ್ತುವೂ ಅಪಾಯದ ಜೊತೆ ಗಂಟುಬೀಳುತ್ತದೆ: ಲಾರಿಯ ಹಾರ್ನ್, ಡೀಸೆಲ್ ವಾಸನೆ, ಹೈವೇ. ಆಮೇಲೆ, ಅದರಿಂದ ತಪ್ಪಿಸಿಕೊಂಡಾಗ ಮನಸ್ಸಿಗೆ ‘ಅಬ್ಬ’ ಎನಿಸುತ್ತದೆ. ಆ ನಿರಾಳವೇ ಬಹುಮಾನ. ಬಹುಮಾನ ಸಿಕ್ಕಿದ ಕೆಲಸವನ್ನು ಮನಸ್ಸು ಮತ್ತೆ ಮಾಡಿಸುತ್ತದೆ.

ಇದರಲ್ಲಿ ಕೈತಪ್ಪಿ ಹೋಗುವುದು ಕಲಿಯುವ ಅವಕಾಶ. ಹೈವೇ ಮೇಲೆ ಹೋಗಿಯೂ ಏನೂ ಆಗಲಿಲ್ಲ, ಎದೆ ಹೊಡೆದುಕೊಂಡಿತು, ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯಿತು ಎಂಬ ಅನುಭವ ಅವನಿಗೆ ಸಿಗುವುದೇ ಇಲ್ಲ. ಪಿಟಿಎಸ್‌ಡಿಗೆ ಇರುವ ಒಳ್ಳೆಯ ಚಿಕಿತ್ಸೆಗಳಲ್ಲಿ ಕೆಲವು ಇದನ್ನೇ ತಿರುಗಿಸಿ ಮಾಡುತ್ತವೆ. ತರಬೇತಾದ ಚಿಕಿತ್ಸಕರು ಜೊತೆಗಿದ್ದು, ಹಂತಹಂತವಾಗಿ, ತಪ್ಪಿಸಿಕೊಂಡು ಬಂದದ್ದನ್ನು ಎದುರಿಸುವಂತೆ ಮಾಡುತ್ತಾರೆ.

ಈಗ ಮನೆಯವರನ್ನು ಈ ಚಿತ್ರದೊಳಗೆ ತನ್ನಿ. ಒಬ್ಬನೇ ತಪ್ಪಿಸಿಕೊಳ್ಳುವುದು ಕಷ್ಟ. ಮನೆಯಲ್ಲಿರುವ ಎಲ್ಲರೂ ಕೈಜೋಡಿಸಿದರೆ ತಪ್ಪಿಸಿಕೊಳ್ಳುವುದು ತುಂಬ ಸಲೀಸು. ಸುತ್ತುದಾರಿ ಹಿಡಿದ ಕಾರಿನಲ್ಲಿ ಎಲ್ಲರಿಗೂ ‘ಅಬ್ಬ’ ಎನಿಸುತ್ತದೆ. ಅವನು ನಡುಗಲಿಲ್ಲ, ಮಕ್ಕಳು ಹೆದರಲಿಲ್ಲ, ಹೆಂಡತಿಗೂ ನೆಮ್ಮದಿ. ಬಹುಮಾನ ಇಡೀ ಮನೆಗೆ ಸಿಗುವುದರಿಂದ ಇಡೀ ಮನೆಗೆ ಅದು ಚಾಳಿಯಾಗುತ್ತದೆ.

ಅಳತೆಗೋಲು ಬಂದದ್ದು ಹೇಗೆ

ಮನೆಯವರ ಹೊಂದಾಣಿಕೆಯನ್ನು ಮೊದಲು ವ್ಯವಸ್ಥಿತವಾಗಿ ಅಳೆದದ್ದು ಪಿಟಿಎಸ್‌ಡಿಯಲ್ಲಿ ಅಲ್ಲ, ಒಸಿಡಿಯಲ್ಲಿ, ಅಂದರೆ ಗೀಳು ಕಾಯಿಲೆಯಲ್ಲಿ. ಮಗ ಐವತ್ತು ಸಲ ಕೈತೊಳೆಯುತ್ತಾನೆ, ಅಮ್ಮ ಸೋಪು ತಂದುಕೊಡುತ್ತಾಳೆ. ಮಗಳು ‘ಬಾಗಿಲು ಹಾಕಿದೆಯಾ’ ಎಂದು ಹತ್ತು ಸಲ ಕೇಳುತ್ತಾಳೆ, ಅಪ್ಪ ಹತ್ತು ಸಲವೂ ಎದ್ದು ಹೋಗಿ ನೋಡಿ ಬರುತ್ತಾನೆ. 1995ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲೀಸಾ ಕಾಲ್ವೊಕೊರೆಸಿ ಮತ್ತು ಸಹೋದ್ಯೋಗಿಗಳು ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಆಮೇಲೆ ಮಕ್ಕಳ ಆತಂಕದ ಕಾಯಿಲೆಗಳಲ್ಲೂ ಇದೇ ಪ್ರಶ್ನೆ ಎದ್ದಿತು.

ಪಿಟಿಎಸ್‌ಡಿಗೆ ಇಂಥ ಅಳತೆಗೋಲನ್ನು ಪ್ರಕಟಿಸಿದ್ದು 2014ರಲ್ಲಿ, ಸ್ಟೆಫನಿ ಫ್ರೆಡ್‌ಮನ್, ಕ್ಯಾಂಡಿಸ್ ಮಾನ್ಸನ್ ಮತ್ತು ಅವರ ಜೊತೆಗಾರರು. ಹೆಸರು ‘ಸಿಗ್ನಿಫಿಕೆಂಟ್ ಅದರ್ಸ್ ರೆಸ್ಪಾನ್ಸಸ್ ಟು ಟ್ರಾಮಾ ಸ್ಕೇಲ್’, ಚಿಕ್ಕದಾಗಿ ‘ಸಾರ್ಟ್ಸ್’. ಇದನ್ನು ತುಂಬುವವರು ಕಾಯಿಲೆ ಇರುವವರಲ್ಲ, ಅವರ ಸಂಗಾತಿ.

ಒಟ್ಟು 14 ಅಂಶಗಳು. ಸಂಗಾತಿಗೆ ಕಷ್ಟವಾಗುವ ಸಂದರ್ಭಗಳಿಂದ ನೀವೂ ದೂರ ಉಳಿದಿರಾ, ಅವರ ಪರವಾಗಿ ಬೇರೆಯವರಿಗೆ ನೆಪ ಹೇಳಿದಿರಾ, ನಿಮ್ಮ ಮನಸ್ಸಿನ ಮಾತನ್ನು ನುಂಗಿಕೊಂಡಿರಾ, ಅವರ ಕೆಲಸಗಳನ್ನು ನೀವೇ ಮಾಡಿದಿರಾ, ಈ ಧಾಟಿಯವು. ಪ್ರತಿ ಅಂಶಕ್ಕೂ ಎರಡು ಉತ್ತರ ಕೊಡಬೇಕು. ಎಷ್ಟು ಸಲ ಹಾಗೆ ಮಾಡಿದಿರಿ ಎಂಬುದಕ್ಕೆ 0ಯಿಂದ 4. ಹಾಗೆ ಮಾಡಿದ್ದರಿಂದ ನಿಮಗೆ ಎಷ್ಟು ಸಂಕಟವಾಯಿತು ಎಂಬುದಕ್ಕೆ ಮತ್ತೆ 0ಯಿಂದ 4. ಎಲ್ಲ ಕೂಡಿಸಿದರೆ ಕನಿಷ್ಠ 0, ಗರಿಷ್ಠ 112.

ಈ ಎರಡನೆಯ ಉತ್ತರವೇ ನನಗೆ ಈ ಪ್ರಶ್ನಾವಳಿಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು. ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಜೊತೆಗೆ ಬಂದವರನ್ನು ಕೇಳುವುದು ‘ಅವರು ಹೇಗಿದ್ದಾರೆ’ ಎಂದು. ‘ನಿಮಗೆ ಹೇಗಾಗಿದೆ’ ಎಂದು ಕೇಳಿ, ಉತ್ತರವನ್ನು ಕಾಲಂನಲ್ಲಿ ಬರೆದುಕೊಳ್ಳುವುದು ಕಡಿಮೆ. ಒಂದು ಲೆಕ್ಕ ನೋಡಿ. ಒಬ್ಬ ಹೆಂಡತಿಯ ‘ಎಷ್ಟು ಸಲ’ ಅಂಕ 40, ‘ಎಷ್ಟು ಸಂಕಟ’ ಅಂಕ 8. ಇನ್ನೊಬ್ಬಳದು 20 ಮತ್ತು 28. ಇಬ್ಬರ ಮೊತ್ತವೂ 48. ಮೊದಲನೆಯವಳಿಗೆ ಮಾಡುತ್ತಿರುವುದು ಅಭ್ಯಾಸವಾಗಿ ಹೋಗಿದೆ, ಬದಲಾಯಿಸಬೇಕು ಎಂದೇ ಅನ್ನಿಸಿಲ್ಲ. ಎರಡನೆಯವಳು ಕಡಿಮೆ ಮಾಡುತ್ತಿದ್ದರೂ ಒಳಗೇ ಬೇಯುತ್ತಿದ್ದಾಳೆ. ಮೊತ್ತ ಮಾತ್ರ ನೋಡುವ ಚಿಕಿತ್ಸಕರಿಗೆ ಈ ಇಬ್ಬರು ಒಂದೇ ಥರ ಕಾಣುತ್ತಾರೆ. ಕಾಲಂ ನೋಡಿದರೆ ಇಬ್ಬರಿಗೂ ಬೇಕಾದ ಮಾತು ಬೇರೆ ಬೇರೆ ಎಂದು ಗೊತ್ತಾಗುತ್ತದೆ.

ಮತ್ತೊಂದು ವಿಷಯ. 112ಕ್ಕೆ 60 ಬಂದರೆ ಫೇಲು, 20 ಬಂದರೆ ಪಾಸು ಎಂಬುದು ಇಲ್ಲಿಲ್ಲ. ಇದು ಬಿಪಿ ಮಿಷನ್ ಅಲ್ಲ. ಯಾರಾದರೂ ಇದನ್ನು ‘ನೀವು ನಿಮ್ಮ ಸಂಗಾತಿಯ ಕಾಯಿಲೆ ಹೆಚ್ಚಿಸುತ್ತಿದ್ದೀರಾ? ಕ್ವಿಜ್ ತೆಗೆದುಕೊಳ್ಳಿ’ ಎಂದು ಲಿಂಕ್ ಮಾಡಿ ಹಂಚಿದರೆ ನಂಬಬೇಡಿ. ಅಂಕವನ್ನು ಓದಬೇಕಾದದ್ದು ಇಬ್ಬರ ಜೊತೆಗೂ ಮಾತನಾಡಿದ ಚಿಕಿತ್ಸಕರು.

ಅಳೆದಾಗ ಕಂಡದ್ದು

2014ರ ಅಧ್ಯಯನದಲ್ಲಿದ್ದದ್ದು 46 ಜೋಡಿಗಳು. ಪ್ರತಿ ಜೋಡಿಯಲ್ಲೂ ಒಬ್ಬರಿಗೆ ಪಿಟಿಎಸ್‌ಡಿ. ಸಂಗಾತಿಯ ಹೊಂದಾಣಿಕೆ ಹೆಚ್ಚಿದ್ದ ಜೋಡಿಗಳಲ್ಲಿ ಪಿಟಿಎಸ್‌ಡಿ ಲಕ್ಷಣಗಳೂ ಹೆಚ್ಚು, ಇಬ್ಬರಲ್ಲೂ ಖಿನ್ನತೆಯ ಲಕ್ಷಣಗಳು ಹೆಚ್ಚು, ದಾಂಪತ್ಯದ ತೃಪ್ತಿ ಕಡಿಮೆ. ಅಂದರೆ, ಮನಸ್ತಾಪ ಬೇಡವೆಂದು ಮಾಡಿದ ಹೊಂದಾಣಿಕೆ ಹೆಚ್ಚಿದ್ದ ಕಡೆ ಸಂಬಂಧವೂ ಸುಖವಾಗಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದಾಯಿತು ಎನ್ನಲಾಗದು. ಹೊಂದಾಣಿಕೆಯಿಂದ ಕಾಯಿಲೆ ಜೋರಾಯಿತೋ, ಕಾಯಿಲೆ ಜೋರಿದ್ದದ್ದಕ್ಕೆ ಸಂಗಾತಿ ಹೆಚ್ಚು ಹೊಂದಿಕೊಳ್ಳಬೇಕಾಯಿತೋ? ಒಂದೇ ಸಲ ಪ್ರಶ್ನಾವಳಿ ತುಂಬಿಸಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಎರಡೂ ದಿಕ್ಕಿನಲ್ಲಿ ಓಡುವ ಚಕ್ರ ಇದು ಎಂಬುದು ಸಂಶೋಧಕರ ವಾದ, ಮೌರರ್ ವಿವರಣೆಯ ಜೊತೆ ಇಟ್ಟು ನೋಡಿದರೆ ನನಗೂ ಅದು ಒಪ್ಪುವಂತೆಯೇ ಕಾಣುತ್ತದೆ. ಆದರೆ ‘ಹೆಂಡತಿಯ ಅತಿ ಪ್ರೀತಿಯಿಂದ ಪಿಟಿಎಸ್‌ಡಿ’ ಎಂಬ ತಲೆಬರಹಕ್ಕೆ ಇಲ್ಲಿ ಆಧಾರ ಇಲ್ಲ. ಕಾಯಿಲೆ ತಂದದ್ದು ಆಘಾತ.

ಇದಕ್ಕಿಂತ ಕುತೂಹಲದ ಫಲಿತಾಂಶ 2016ರದು. ಅದಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕು. ಮಾನ್ಸನ್ ಮತ್ತು ಫ್ರೆಡ್‌ಮನ್ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೊಡುವ ಒಂದು ಚಿಕಿತ್ಸೆಯನ್ನು ರೂಪಿಸಿದ್ದರು, ಒಟ್ಟು 15 ಭೇಟಿಗಳದ್ದು. ಅದರಲ್ಲಿ ಜೋಡಿ ತಾವು ತಪ್ಪಿಸಿಕೊಂಡು ಬಂದ ಜಾಗ, ಸಂದರ್ಭಗಳನ್ನು ಗುರುತಿಸಿ, ಅವುಗಳನ್ನು ಒಟ್ಟಿಗೆ ಎದುರಿಸಲು ಕಲಿಯುತ್ತದೆ. ನಡೆದದ್ದರ ಅರ್ಥವೇನೆಂದು ಇಬ್ಬರೂ ಮಾತನಾಡುತ್ತಾರೆ. ಅಮೆರಿಕದ ಬಾಸ್ಟನ್ ಮತ್ತು ಕೆನಡಾದ ಟೊರಾಂಟೊದಲ್ಲಿ 40 ಜೋಡಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2012ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂತು. ಕಾಯುವ ಪಟ್ಟಿಯಲ್ಲಿದ್ದವರಿಗೆ ಹೋಲಿಸಿದರೆ ಚಿಕಿತ್ಸೆ ಪಡೆದವರಲ್ಲಿ ಪಿಟಿಎಸ್‌ಡಿ ಲಕ್ಷಣಗಳು ಚೆನ್ನಾಗಿ ಇಳಿದಿದ್ದವು.

2016ರಲ್ಲಿ ಅದೇ ಪರೀಕ್ಷೆಯ 39 ಜೋಡಿಗಳ ಮಾಹಿತಿಯನ್ನು ಮತ್ತೆ ನೋಡಿದರು. ಚಿಕಿತ್ಸೆಗೆ ಮುಂಚೆ ಸಂಗಾತಿಯ ಹೊಂದಾಣಿಕೆ ಹೆಚ್ಚಿದ್ದವರಿಗೆ ಏನಾಯಿತು? ‘ಅಷ್ಟು ಆಳಕ್ಕೆ ಹೋಗಿದೆ, ಅವರಿಗೆ ಚಿಕಿತ್ಸೆ ತಾಕಿರಲಿಕ್ಕಿಲ್ಲ’ ಎಂದು ನೀವು ಊಹಿಸಬಹುದು. ಆದದ್ದು ಉಲ್ಟಾ. ಜೋಡಿ ಚಿಕಿತ್ಸೆಯಿಂದ ಹೆಚ್ಚು ಲಾಭ ಸಿಕ್ಕಿದ್ದು ಅವರಿಗೇ. ಹೆಂಡತಿಯೋ ಗಂಡನೋ ಇಷ್ಟು ದಿನ ಭಯದ ಪರವಾಗಿ ಹಾಕುತ್ತಿದ್ದ ಶ್ರಮ, ದಾರಿ ತೋರಿಸಿದ ಮೇಲೆ ಚೇತರಿಕೆಯ ಪರವಾಗಿ ತಿರುಗಿರಬಹುದು. ಹೀಗೆ ಓದಿದರೆ ಹೆಚ್ಚು ಅಂಕ ಬಂದ ಮನೆ ಕೆಟ್ಟ ಮನೆಯಲ್ಲ, ಜೊತೆಗೂಡಿಸಿ ಚಿಕಿತ್ಸೆ ಕೊಡಬೇಕಾದ ಮನೆ. ಈ ಪ್ರಶ್ನಾವಳಿಯ ನಿಜವಾದ ಉಪಯೋಗ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. 39 ಜೋಡಿ ಎಂದರೆ ಬಹಳ ಚಿಕ್ಕ ಸಂಖ್ಯೆ ಎಂಬುದನ್ನೂ ಇದರ ಪಕ್ಕದಲ್ಲೇ ಇಟ್ಟುಕೊಳ್ಳಿ.

ಮಕ್ಕಳ ಆತಂಕದ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಯೇಲ್‌ನ ಎಲಿ ಲೆಬೊವಿಟ್ಜ್ ತಂಡ ಮಕ್ಕಳನ್ನು ನೋಡದೆ, ಅಪ್ಪ-ಅಮ್ಮಂದಿರಿಗೆ ಮಾತ್ರ ಹೊಂದಾಣಿಕೆ ಕಡಿಮೆ ಮಾಡಿಕೊಳ್ಳಲು ಕಲಿಸಿತು. 124 ಮಕ್ಕಳ ಪರೀಕ್ಷೆಯಲ್ಲಿ, ಮಗುವಿಗೇ ನೇರವಾಗಿ ಚಿಕಿತ್ಸೆ ಕೊಟ್ಟಷ್ಟೇ ಪರಿಣಾಮ ಅದರಿಂದಲೂ ಆಯಿತು. ಆದರೆ ಅದು ಆತಂಕದ ಕಾಯಿಲೆಗಳ ಬಗ್ಗೆ. ಪಿಟಿಎಸ್‌ಡಿಗೆ ಅದನ್ನು ಹಾಗೇ ಅನ್ವಯಿಸಬಾರದು.

‘ಅನುಸರಿಸಿಕೊಂಡು ಹೋಗು’ ಎನ್ನುವ ನಾಡಿನಲ್ಲಿ ಅಳೆಯುವುದು

ಸಾರ್ಟ್ಸ್ ಹುಟ್ಟಿದ್ದು ಗಂಡ-ಹೆಂಡತಿ ಇಬ್ಬರೇ ಇರುವ ಮನೆಗಳನ್ನು ಕಣ್ಣಮುಂದೆ ಇಟ್ಟುಕೊಂಡು. ನಾವು ಊಹಿಸಿಕೊಂಡ ಮನೆಯನ್ನು ಮತ್ತೆ ನೋಡಿ. ಚಾನೆಲ್ ಬದಲಿಸಿದ್ದು ಅಜ್ಜಿ, ನೆಪ ಹೇಳಿದ್ದು ತಮ್ಮ. ಹೆಂಡತಿಗೆ ಮಾತ್ರ ಪ್ರಶ್ನಾವಳಿ ಕೊಟ್ಟರೆ ಇವೆರಡೂ ಲೆಕ್ಕಕ್ಕೆ ಸಿಗುವುದಿಲ್ಲ. ಅವಳ ಅಂಕ ಕಡಿಮೆ ಬರಬಹುದು, ಮನೆಯ ಒಟ್ಟು ಹೊಂದಾಣಿಕೆ ಮಾತ್ರ ತುಂಬ ಹೆಚ್ಚಿರಬಹುದು. ಹೊಂದಾಣಿಕೆ ಕಡಿಮೆ ಮಾಡೋಣ ಎಂದು ಅವಳು ಒಪ್ಪಿ ಬಂದರೂ ‘ಅವನಿಗೆ ಯಾಕಮ್ಮ ತೊಂದರೆ ಕೊಡ್ತೀಯ’ ಎಂದು ಅತ್ತೆ ತಡೆದರೆ ಅಲ್ಲಿಗೆ ಮುಗಿಯಿತು.

ಇನ್ನೊಂದು ತೊಡಕು ಭಾಷೆಯದು. ಸಂವಹನ ಓದಿದವಳಾದ್ದರಿಂದ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಕನ್ನಡದಲ್ಲಿ ‘ಅನುಸರಿಸಿಕೊಂಡು ಹೋಗು’, ‘ಸುಧಾರಿಸಿಕೊಂಡು ಹೋಗು’ ಎನ್ನುವುದು ಮದುವೆಯಾಗಿ ಹೊರಟ ಹೆಣ್ಣುಮಗಳಿಗೆ ಹೇಳುವ ಬುದ್ಧಿಮಾತು. ಬಸ್ಸಿನಲ್ಲಿ ಸೀಟಿನಿಂದ ಹಿಡಿದು ದಾಂಪತ್ಯದವರೆಗೆ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎನ್ನುವ ನಾಡು ನಮ್ಮದು. ಇಲ್ಲಿ ಹೆಂಡತಿಯ ಮುಂದೆ ಹಾಳೆ ಇಟ್ಟು ‘ನೀವು ಎಷ್ಟು ಸಲ ಅನುಸರಿಸಿಕೊಂಡು ಹೋದಿರಿ’ ಎಂದು ಕೇಳಿದರೆ ಅವಳ ಕಿವಿಗೆ ಅದು ‘ನೀವು ಎಷ್ಟು ಒಳ್ಳೆಯ ಹೆಂಡತಿ’ ಎಂದು ಕೇಳಿಸಬಹುದು. ‘ಎಷ್ಟು ಸಂಕಟವಾಯಿತು’ ಎಂದರೆ ಬರುವ ಉತ್ತರ ಗೊತ್ತೇ ಇದೆ: ‘ಅಯ್ಯೋ, ಸಂಕಟ ಏನಿಲ್ಲ ಬಿಡಿ, ನಮ್ಮವರಿಗೆ ತಾನೇ ಮಾಡೋದು.’ ಮೊದಲ ಕಾಲಂ ಉಬ್ಬುತ್ತದೆ, ಎರಡನೆಯದು ಸೊನ್ನೆಗೆ ಇಳಿಯುತ್ತದೆ. ಆ ಸೊನ್ನೆ ನೆಮ್ಮದಿಯ ಸೊನ್ನೆಯೋ, ಹೇಳಿಕೊಳ್ಳಲಾಗದ ಸೊನ್ನೆಯೋ, ಅಂಕ ಹೇಳುವುದಿಲ್ಲ.

ಹಾಗಾಗಿ ಇಂಥ ಪ್ರಶ್ನಾವಳಿಗಳನ್ನು ಬೇರೆ ಭಾಷೆಗೆ ತರುವಾಗ ಪದಕ್ಕೆ ಪದ ಇಟ್ಟರೆ ಸಾಲದು. ಒಬ್ಬರು ಅನುವಾದಿಸಿ, ಮೂಲ ನೋಡದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತಂದು, ಹೋಲಿಸಿ ನೋಡುವ ಕ್ರಮವಿದೆ. ಅದರ ಜೊತೆಗೆ ಊರಿನ ಜನರನ್ನೇ ಕೂರಿಸಿ ‘ಈ ಪ್ರಶ್ನೆಯಿಂದ ನಿಮಗೆ ಏನು ಅರ್ಥವಾಯಿತು’ ಎಂದು ಕೇಳಬೇಕು. ನನ್ನನ್ನು ಕೇಳಿದರೆ ‘ಅನುಸರಿಸಿಕೊಂಡು’ ಎಂಬ ಪದವನ್ನೇ ಬಿಟ್ಟು, ಕೆಲಸವನ್ನೇ ಕೇಳುವುದು ಒಳ್ಳೆಯದು: ಕಳೆದ ತಿಂಗಳು ಇವರ ಭಯದ ಕಾರಣಕ್ಕೆ ಎಷ್ಟು ಸಲ ದಾರಿ ಬದಲಿಸಿದಿರಿ? ಎಷ್ಟು ಸಮಾರಂಭ ಬಿಟ್ಟಿರಿ? ಎಷ್ಟು ರಾತ್ರಿ ನಿದ್ದೆಗೆಟ್ಟಿರಿ?

ಹಾಗಂತ ಕುಟುಂಬವನ್ನು ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವುದು ನಮಗೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಫ್ಯಾಮಿಲಿ ಸೈಕಿಯಾಟ್ರಿ ಸೆಂಟರ್ ದಶಕಗಳಿಂದ ಇದೆ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮನೆಯವರೂ ಬರುತ್ತಾರೆ, ಹೊರಗಿನ ಬೆಂಚಿನಲ್ಲಿ ಕಾಯುತ್ತಾರೆ. ಕೇಳುವವರಿದ್ದರೆ ಉತ್ತರಿಸುವವರು ಅಲ್ಲೇ ಇದ್ದಾರೆ.

ಹಾಗಾದರೆ ನಾಳೆಯಿಂದಲೇ ನಿಲ್ಲಿಸಿಬಿಡಬೇಕೇ?

ಬೇಡ. ಇದನ್ನು ಓದಿ ಯಾರೂ ನಾಳೆ ಬೆಳಗ್ಗೆ ಅವರನ್ನು ಹೈವೇಗೆ ಎಳೆದುಕೊಂಡು ಹೋಗಬೇಡಿ. ‘ಭಯ ಬಿಡಿಸಲು’ ಪಟಾಕಿ ಹಚ್ಚಬೇಡಿ. ಚಿಕಿತ್ಸೆಯಲ್ಲಿ ಎದುರಿಸುವುದು ಎಂದರೆ ಅವರ ಒಪ್ಪಿಗೆಯಿಂದ, ಚಿಕ್ಕದರಿಂದ ಶುರುವಾಗಿ ನಡೆಯುವ ಕೆಲಸ. ಒಪ್ಪಿಗೆಯಿಲ್ಲದೆ ಮಾಡಿದ್ದು ಇನ್ನೊಂದು ಆಘಾತವಾಗುತ್ತದೆ, ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಮೊದಲ ವಾರಗಳ ಆಸರೆಯನ್ನು ಅನುಮಾನದಿಂದ ನೋಡುವ ಅಗತ್ಯವೂ ಇಲ್ಲ. ಆಗ ಊಟ, ನಿದ್ದೆ, ಸುರಕ್ಷತೆ, ಜೊತೆಗೆ ಒಬ್ಬರು, ಇಷ್ಟು ಮುಖ್ಯ. ತಿಂಗಳುಗಳು ಕಳೆದರೂ ಮನೆ ಅಲ್ಲೇ ನಿಂತಿದೆ ಅನ್ನಿಸಿದರೆ ಯೋಚಿಸಬೇಕು.

ಇನ್ನೂ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕೆಲವು ಮನೆಗಳಲ್ಲಿ ಹೆಂಡತಿ, ಮಕ್ಕಳು ಮೆಲ್ಲಗೆ ನಡೆಯುವುದು ಅವರಿಗೆ ನೋವಾಗಬಾರದು ಎಂದಲ್ಲ, ತಮಗೆ ಪೆಟ್ಟು ಬೀಳಬಾರದು ಎಂದು. ಅದನ್ನು ಹೊಂದಾಣಿಕೆಯ ಲೆಕ್ಕಕ್ಕೆ ಸೇರಿಸಿ ‘ಕಡಿಮೆ ಮಾಡಿ’ ಎನ್ನುವುದು ಅಪಾಯ. ಪಿಟಿಎಸ್‌ಡಿ ಇರುವ ಹೆಚ್ಚಿನವರು ಕೈ ಎತ್ತುವವರಲ್ಲ. ಎತ್ತಿದರೆ ಕಾಯಿಲೆ ಅದಕ್ಕೆ ರಿಯಾಯಿತಿಯೂ ಅಲ್ಲ. ಅಲ್ಲಿ ಮೊದಲು ಸುರಕ್ಷತೆ: ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112.

ಚಿಕಿತ್ಸೆ ಎಲ್ಲಿಂದ ಶುರುಮಾಡಬೇಕು ಎಂದು ಗೊತ್ತಾಗದವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತನಾಡಬಹುದು. ಕಾಯಿಲೆ ಇರುವವರೇ ಫೋನ್ ಮಾಡಬೇಕು ಎಂದಿಲ್ಲ, ಮನೆಯವರೂ ಮಾಡಬಹುದು. ಅಲ್ಲಿ ಅಥವಾ ಡಾಕ್ಟರ ಹತ್ತಿರ ಮಾತನಾಡುವಾಗ ಅವರಿಗೆ ಏನೇನಾಗುತ್ತಿದೆ ಎಂಬುದರ ಜೊತೆಗೆ, ಘಟನೆಯ ಆಚೆಗೆ ನೀವು ಯಾವ ಯಾವ ಕೆಲಸ ವಹಿಸಿಕೊಂಡಿದ್ದೀರಿ, ಎಲ್ಲೆಲ್ಲಿ ಹೋಗುವುದು ಬಿಟ್ಟಿದ್ದೀರಿ, ಯಾವ ಮಾತನ್ನು ಆಡುವುದು ಬಿಟ್ಟಿದ್ದೀರಿ, ರಾತ್ರಿ ಎಷ್ಟು ಗಂಟೆ ಮಲಗುತ್ತಿದ್ದೀರಿ ಎಂಬುದನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ.